ಹಳೇ ತೋಪು ಹಾರಿಸೋ ಮುಂಚೆ ಒಂದು ಲೆಕ್ಕ

ಹಳೇ ನಾಣ್ಯ, ಅಂಚೆಚೀಟಿ, ಗಡಿಯಾರ ಕೂಡಿಡುವವರು ನಮ್ಮಲ್ಲಿ ಬೇಕಾದಷ್ಟು ಜನ ಸಿಗ್ತಾರೆ. ಅಮೆರಿಕದಲ್ಲಿ ಫಿರಂಗಿ ಕೂಡಿಡುವವರೂ ಇದ್ದಾರೆ. ಅವರಲ್ಲಿ ಹಲವರು ಕೂಡಿಟ್ಟು ಸುಮ್ಮನಾಗೋದಿಲ್ಲ. ಟ್ರೈಲರ್ ಮೇಲೆ ಹೇರಿಕೊಂಡು ಬಯಲಿಗೆ ಹೋಗಿ, ಕಪ್ಪು ಮದ್ದು ತುಂಬಿ, ಗುರಿಯಿಟ್ಟು ಹಾರಿಸುತ್ತಾರೆ. ವರ್ಜೀನಿಯಾದ ವಿಂಚೆಸ್ಟರ್ ಹತ್ತಿರ ಫೋರ್ಟ್ ಶೆನಂಡೋವಾ ಅಂತ ಒಂದು ಮೈದಾನ ಇದೆ. 1950ರಲ್ಲಿ ಶುರುವಾದ ನಾರ್ತ್-ಸೌತ್ ಸ್ಕರ್ಮಿಶ್ ಅಸೋಸಿಯೇಷನ್ ಅಲ್ಲಿ ಅಂತರ್ಯುದ್ಧ ಕಾಲದ ಬಂದೂಕು, ತೋಪುಗಳ ಸ್ಪರ್ಧೆ ನಡೆಸುತ್ತೆ. 200 ಗಜ ದೂರದ ಗುರಿಗೆ ತೋಪಿನಿಂದ ನಿಜವಾದ ಗುಂಡು ಹೊಡೆದು ಅಂಕ ಗಳಿಸೋ ಆಟ ಅದು.

ಇದನ್ನು ನಾವು ಈ ಸಂಚಿಕೆಗೆ ಆರಿಸಿಕೊಂಡಿದ್ದು ಸದ್ದು, ಹೊಗೆ ನೋಡೋಕೆ ಚೆನ್ನಾಗಿರುತ್ತೆ ಅಂತ ಅಲ್ಲ. ತೋಪು ಅಂದ್ರೆ ಒಂದು ಕಡೆ ಮುಚ್ಚಿದ, ದಪ್ಪ ಗೋಡೆಯ ಸಿಲಿಂಡರ್. ಮೂರನೇ ಸೆಮಿಸ್ಟರಿನಲ್ಲಿ ಪರೀಕ್ಷೆಗೆ ಓದಿ ಮರೆತ ಥಿಕ್ ಸಿಲಿಂಡರ್ ಪಾಠ ಇಲ್ಲಿ ಜೀವ ಉಳಿಸೋ ವಿಷಯ. ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದೇ: ನೂರೈವತ್ತು ವರ್ಷ ಹಳೆಯ ಈ ನಳಿಗೆ ಇವತ್ತು ಇನ್ನೊಂದು ಸಲ ತಡೆಯುತ್ತಾ? ಹೊರಗಿನಿಂದ ನೋಡಿ ಇದಕ್ಕೆ ಉತ್ತರ ಹೇಳೋಕಾಗಲ್ಲ. ಯಾಕೆ ಆಗಲ್ಲ ಅನ್ನೋದನ್ನು ಹಂತಹಂತವಾಗಿ ನೋಡೋಣ.

1. ಮದ್ದು ಒಳಗೆ ಏನು ಮಾಡುತ್ತೆ?

ಕಪ್ಪು ಮದ್ದು ಅಂದ್ರೆ ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರರ ಮಿಶ್ರಣ. ಪೆಟ್ಲುಪ್ಪು ಆಮ್ಲಜನಕ ಕೊಡುತ್ತೆ, ಇದ್ದಿಲು ಉರಿಯುತ್ತೆ, ಗಂಧಕ ಬೇಗ ಹೊತ್ತಿಕೊಳ್ಳೋದಕ್ಕೆ ನೆರವಾಗುತ್ತೆ. ಹೊರಗಿನ ಗಾಳಿ ಬೇಕಿಲ್ಲ, ಹಾಗಾಗಿಯೇ ಮುಚ್ಚಿದ ನಳಿಗೆಯೊಳಗೂ ಉರಿಯುತ್ತೆ.

ಇಲ್ಲಿ ಎರಡು ಗುಣ ನೆನಪಿಟ್ಟುಕೊಳ್ಳಬೇಕು. ಮೊದಲನೆಯದು, ಮದ್ದಿನ ಪ್ರತಿ ಕಾಳೂ ಹೊರಮೈಯಿಂದ ಒಳಕ್ಕೆ ಉರಿಯುತ್ತಾ ಹೋಗುತ್ತೆ. ಕಾಳು ಸಣ್ಣದಿದ್ದಷ್ಟೂ ಒಟ್ಟು ಹೊರಮೈ ಹೆಚ್ಚು, ಅನಿಲ ಬೇಗ ಹುಟ್ಟುತ್ತೆ, ಒತ್ತಡ ಥಟ್ಟನೆ ಏರುತ್ತೆ. ಅದಕ್ಕೇ ತೋಪಿಗೆ ದಪ್ಪ ಕಾಳಿನ ಮದ್ದು, ಬಂದೂಕಿಗೆ ಸಣ್ಣ ಕಾಳಿನದು. ತೂಕ ಅಷ್ಟೇ ಇಟ್ಟು ಕಾಳು ಬದಲಾಯಿಸಿದರೂ ಒತ್ತಡ ಬದಲಾಗುತ್ತೆ. ಕಪ್ಪು ಮದ್ದಿನ ಬದಲು ಈಗಿನ ಹೊಗೆರಹಿತ ಮದ್ದು ಹಾಕಿದರಂತೂ ಹಳೇ ವಿನ್ಯಾಸದ ತೋಪು ಒಡೆದುಹೋಗೋ ಅಪಾಯ ಇದ್ದೇ ಇದೆ. ಇದು ಹವ್ಯಾಸಿಗಳ ನಡುವೆ ಎಳ್ಳಷ್ಟೂ ವಿನಾಯಿತಿ ಇಲ್ಲದ ನಿಯಮ.

ಎರಡನೆಯದು, ಉರಿದ ಮೇಲೆ ಕಪ್ಪು ಮದ್ದಿನ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲ ಆಗೋದೇ ಇಲ್ಲ, ಘನವಾಗಿ ಉಳಿಯುತ್ತೆ. ಒಂದಿಷ್ಟು ಬಿಳಿ ಹೊಗೆಯಾಗಿ ಹೊರಗೆ ಬರುತ್ತೆ, ಇನ್ನೊಂದಿಷ್ಟು ನಳಿಗೆಯೊಳಗೇ ಕಿಟ್ಟದ ಹಾಗೆ ಅಂಟಿಕೊಳ್ಳುತ್ತೆ. ಈ ಕಿಟ್ಟ ತೇವ ಹೀರಿ ಲೋಹವನ್ನು ತಿನ್ನುತ್ತೆ. ಅದಕ್ಕಿಂತ ಕೆಟ್ಟದ್ದು ಅಂದ್ರೆ, ಅದರ ಸಂದಿಯಲ್ಲಿ ಕೆಂಡ ಅಡಗಿ ಕೂರುತ್ತೆ. ಆ ಕೆಂಡದ ವಿಷಯಕ್ಕೆ ಮುಂದೆ ಬರುತ್ತೇವೆ.

ಈಗ ಒಂದು ಲೆಕ್ಕ. ಅಮೆರಿಕದ ಅಂತರ್ಯುದ್ಧದಲ್ಲಿ (1861-65) ಹೆಚ್ಚು ಬಳಕೆಯಲ್ಲಿದ್ದ 1857ರ ಮಾದರಿಯ 12 ಪೌಂಡಿನ ಕಂಚಿನ ತೋಪು, ಅಂದ್ರೆ "ನೆಪೋಲಿಯನ್", ತಗೊಳ್ಳೋಣ. ನಳಿಗೆಯ ತೂಕ ಸುಮಾರು 557 ಕೆ.ಜಿ., ಗಾಡಿ ಸುಮಾರು 512 ಕೆ.ಜಿ. ಮದ್ದು ಎರಡೂವರೆ ಪೌಂಡ್, ಅಂದ್ರೆ ಸುಮಾರು 1.13 ಕೆ.ಜಿ. ಗುಂಡು ಸುಮಾರು 5.6 ಕೆ.ಜಿ., ಬಾಯಿಂದ ಹೊರಡುವ ವೇಗ ಸೆಕೆಂಡಿಗೆ ಸುಮಾರು 439 ಮೀಟರ್.

ಗುಂಡಿನ ಚಲನಶಕ್ತಿ = ½ × 5.6 × 439² = ಸುಮಾರು 5.4 ಲಕ್ಷ ಜೂಲ್. ಒಂದು ಟನ್ ತೂಕದ ಕಾರು ಗಂಟೆಗೆ 118 ಕಿ.ಮೀ. ವೇಗದಲ್ಲಿ ಹೋಗುವಾಗ ಇರುವಷ್ಟು ಶಕ್ತಿ, ಒಂದು ತೆಂಗಿನಕಾಯಿಗಿಂತ ಚಿಕ್ಕ ಗುಂಡಿನಲ್ಲಿ! ಇನ್ನು ಹಿಂದಕ್ಕೆ ಒದೆಯೋ ಲೆಕ್ಕ: ಆವೇಗ ಎರಡೂ ಕಡೆ ಸಮ. 5.6 × 439 ಅನ್ನು 1069ರಿಂದ ಭಾಗಿಸಿದರೆ ಸೆಕೆಂಡಿಗೆ 2.3 ಮೀಟರ್. ಗುಂಡಿನ ಹಿಂದೆ ನುಗ್ಗಿ ಬರೋ ಅನಿಲದ ಪಾಲು ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು. ಒಂದು ಟನ್ನಿಗೂ ಮೀರಿದ ಗಾಡಿ ಓಡುವವನ ವೇಗದಲ್ಲಿ ಹಿಂದಕ್ಕೆ ಬರುತ್ತೆ. ಹಾಗಾಗಿ ಚಕ್ರದ ಹಿಂದೆ ಯಾರೂ ನಿಲ್ಲಬಾರದು.

2. ದಪ್ಪ ಇದ್ದರೆ ಗಟ್ಟಿನಾ?

ಎಲ್ಲರಿಗೂ ಮೊದಲು ಹೊಳೆಯೋದು ಇದೇ: "ಗೋಡೆ ಇಷ್ಟು ದಪ್ಪ ಇದೆ, ಇದೇನು ಒಡೆಯುತ್ತೆ?" ಲಾಮೆ ಸಮೀಕರಣ ನೆನಪು ಮಾಡಿಕೊಳ್ಳಿ. ಒಳಗಿನ ಒತ್ತಡ p ಆದರೆ, ನಳಿಗೆಯ ಒಳಮೈಯಲ್ಲಿ ಸುತ್ತಳತೆಯ ದಿಕ್ಕಿನಲ್ಲಿ ಎಳೆಯುವ ಒತ್ತಡ, ಅಂದ್ರೆ ಹೂಪ್ ಸ್ಟ್ರೆಸ್:

p × (k² + 1) / (k² − 1)

ಇಲ್ಲಿ k ಅಂದ್ರೆ ಹೊರಗಿನ ವ್ಯಾಸವನ್ನು ಒಳಗಿನ ವ್ಯಾಸದಿಂದ ಭಾಗಿಸಿದಾಗ ಬರೋ ಸಂಖ್ಯೆ.

k = 1.5 ಆದರೆ 2.60 p
k = 2 ಆದರೆ 1.67 p
k = 3 ಆದರೆ 1.25 p
k = 4 ಆದರೆ 1.13 p

ಲೋಹದ ಪ್ರಮಾಣ (k² − 1)ರ ಹಾಗೆ ಏರುತ್ತೆ. 2ರಿಂದ 3ಕ್ಕೆ ಹೋದರೆ ಲೋಹ ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತೆ, ಒತ್ತಡ ಇಳಿಯೋದು ನಾಲ್ಕನೇ ಒಂದು ಭಾಗ ಮಾತ್ರ. 3ರಿಂದ 4ಕ್ಕೆ ಹೋದರೆ ಲೋಹ ಹೆಚ್ಚುಕಡಿಮೆ ಇಮ್ಮಡಿ, ಒತ್ತಡ ಇಳಿಯೋದು ಶೇಕಡಾ 10ರ ಆಸುಪಾಸು. ಗೋಡೆ ಎಷ್ಟೇ ದಪ್ಪ ಮಾಡಿದರೂ ಒಳಮೈಯ ಒತ್ತಡ pಗಿಂತ ಕೆಳಗೆ ಇಳಿಯೋದೇ ಇಲ್ಲ. k = 3 ಇರುವಾಗ ಹೊರಮೈ ಹೊರುವುದು ಬರೀ 0.25 p. ಅಂದ್ರೆ ಒಳಪದರ ಸಾಯ್ತಾ ಇರುವಾಗ ಹೊರಪದರ ಆರಾಮಾಗಿ ಕೂತಿರುತ್ತೆ. ಬಿರುಕು ಹುಟ್ಟೋದು ಒಳಗೆ, ನಾವು ನೋಡಿ ತಟ್ಟಿ "ಗಟ್ಟಿ ಇದೆ" ಅನ್ನೋದು ಹೊರಗೆ.

ಈ ಪಾಠಕ್ಕೆ ಅಮೆರಿಕ ದೊಡ್ಡ ಬೆಲೆ ತೆತ್ತಿದೆ. 1844ರ ಫೆಬ್ರುವರಿ 28ರಂದು ಪೊಟೊಮ್ಯಾಕ್ ನದಿಯಲ್ಲಿ ಯುಎಸ್‌ಎಸ್ ಪ್ರಿನ್ಸ್‌ಟನ್ ಹಡಗಿನಲ್ಲಿ ಗಣ್ಯರಿಗೆ ಪ್ರದರ್ಶನ ಇತ್ತು. ಅದರಲ್ಲಿ 12 ಇಂಚಿನ ಎರಡು ದೊಡ್ಡ ತೋಪುಗಳಿದ್ದವು. ಒಂದು, ಎಂಜಿನಿಯರ್ ಜಾನ್ ಎರಿಕ್ಸನ್ ವಿನ್ಯಾಸದ್ದು. ಅದರಲ್ಲಿ ಬಿರುಕು ಕಂಡಾಗ ಮೆದು ಕಬ್ಬಿಣದ ಪಟ್ಟಿಗಳನ್ನು ಬಿಗಿಯಾಗಿ ತೊಡಿಸಿ ಗಟ್ಟಿ ಮಾಡಿದ್ದರು. ಇನ್ನೊಂದು, ಹಡಗಿನ ಕ್ಯಾಪ್ಟನ್ ಸ್ಟಾಕ್ಟನ್ ಮಾಡಿಸಿದ "ಪೀಸ್‌ಮೇಕರ್". ಅದಕ್ಕೆ ಪಟ್ಟಿ ಇರಲಿಲ್ಲ, ಬದಲಿಗೆ ಹಿಂಭಾಗ ಇನ್ನೂ ದಪ್ಪ ಮಾಡಿದ್ದರು. ಬೆರಳೆಣಿಕೆಯಷ್ಟು ಸಲ ಹಾರಿಸಿ ನೋಡಿ "ಸರಿಯಿದೆ" ಅಂದುಬಿಟ್ಟಿದ್ದರು. ಆ ದಿನ ಪೀಸ್‌ಮೇಕರ್ ಸಿಡಿದು ವಿದೇಶಾಂಗ ಕಾರ್ಯದರ್ಶಿ ಏಬಲ್ ಅಪ್ಷರ್, ನೌಕಾಪಡೆಯ ಕಾರ್ಯದರ್ಶಿ ಥಾಮಸ್ ಗಿಲ್ಮರ್ ಸೇರಿ ಆರು ಜನ ಸತ್ತರು. ಅಧ್ಯಕ್ಷ ಜಾನ್ ಟೈಲರ್ ಆ ಹೊತ್ತಿಗೆ ಕೆಳಗಿನ ಮಹಡಿಯಲ್ಲಿದ್ದುದರಿಂದ ಬದುಕಿದರು. ದಪ್ಪ ಹೆಚ್ಚಿಸಿದ್ದು ಕಾಪಾಡಲಿಲ್ಲ. ಅಷ್ಟು ದೊಡ್ಡ ಕಬ್ಬಿಣದ ತುಂಡನ್ನು ಬಡಿದು ಬೆಸೆಯುವಾಗ ಒಳಗೆ ಲೋಹವೇ ದುರ್ಬಲವಾಗಿತ್ತು.

ಮುಂದಿನ ವರ್ಷಗಳಲ್ಲಿ ಥಾಮಸ್ ರಾಡ್ಮನ್ ಎಂಬ ಸೇನಾಧಿಕಾರಿ ಬೇರೆ ದಾರಿ ಹಿಡಿದ. ಬೀಡು ಕಬ್ಬಿಣದ ತೋಪನ್ನು ಟೊಳ್ಳಾಗಿ ಎರಕ ಹೊಯ್ದು, ನಡುವಿನ ಅಚ್ಚಿನೊಳಗೆ ನೀರು ಹರಿಸಿ ಒಳಗಿನಿಂದ ತಣಿಸಿದ. ಒಳಪದರ ಮೊದಲು ಗಟ್ಟಿಯಾಗುತ್ತೆ, ಹೊರಪದರ ಆಮೇಲೆ ತಣಿದು ಕುಗ್ಗುವಾಗ ಒಳಪದರವನ್ನು ಹಿಂಡಿ ಹಿಡಿಯುತ್ತೆ. ಮದ್ದು ಸಿಡಿದಾಗ ಒಳಗಿನ ಒತ್ತಡ ಮೊದಲು ಈ ಹಿಡಿತವನ್ನು ಸಡಿಲಿಸಬೇಕು, ಆಮೇಲಷ್ಟೇ ಲೋಹ ಎಳೆತಕ್ಕೆ ಸಿಗೋದು. ಗಾಡಿಯ ಮರದ ಚಕ್ರಕ್ಕೆ ಕಾಯಿಸಿದ ಕಬ್ಬಿಣದ ಪಟ್ಟಾ ಹಾಕೋದನ್ನು ನೋಡಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಈ ವಿಧಾನದಲ್ಲಿ 1864ರ ಹೊತ್ತಿಗೆ 20 ಇಂಚು ಬಾಯಿಯ ತೋಪನ್ನೂ ಎರಕ ಹೊಯ್ದರು.

3. ಲೋಹಗಳ ಸ್ವಭಾವ

ಸಂಗ್ರಹಕಾರರ ಕೈಗೆ ಬರುವ ತೋಪುಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಲೋಹ.

ಕಂಚು: ದುಬಾರಿ, ಭಾರ, ಆದರೆ ಬಗ್ಗುವ ಗುಣ ಇದೆ. ತಾಳಲಾರದಾಗ ಮೊದಲು ಉಬ್ಬುತ್ತೆ. ಅಂದ್ರೆ ಎಚ್ಚರಿಕೆ ಕೊಡುವ ಸಾಧ್ಯತೆ ಇದೆ. ಉಬ್ಬಿದ ಕಂಚಿನ ತೋಪು ಕಂಡರೆ ಅದನ್ನು ಮತ್ತೆ ಹಾರಿಸೋ ಮಾತೇ ಇಲ್ಲ.

ಬೀಡು ಕಬ್ಬಿಣ: ಅಗ್ಗ, ಎರಕ ಹೊಯ್ಯೋದು ಸುಲಭ, ಆದರೆ ಎಳೆತಕ್ಕೆ ಮೆತ್ತಗೆ, ಮೇಲಾಗಿ ಪೆಡಸು. ಉಬ್ಬೋದಿಲ್ಲ, ನೇರ ಚೂರಾಗುತ್ತೆ. ಅಂತರ್ಯುದ್ಧ ಕಾಲದ ಪ್ಯಾರಟ್ ತೋಪು ಬೀಡು ಕಬ್ಬಿಣದ್ದು, ಹಿಂಭಾಗಕ್ಕೆ ಮಾತ್ರ ಮೆದು ಕಬ್ಬಿಣದ ಪಟ್ಟಿ. ಪಟ್ಟಿ ಇಲ್ಲದ ಜಾಗ ಹಾಗೇ ಉಳಿಯಿತು. 1864ರ ಡಿಸೆಂಬರಿನಲ್ಲಿ ಫೋರ್ಟ್ ಫಿಶರ್ ಮೇಲಿನ ದಾಳಿಯಲ್ಲಿ 100 ಪೌಂಡಿನ ಹಲವು ಪ್ಯಾರಟ್ ತೋಪುಗಳು ಹಡಗಿನ ಮೇಲೇ ಸಿಡಿದು, ಹಾರಿಸುತ್ತಿದ್ದ ನಾವಿಕರನ್ನೇ ಕೊಂದವು.

ಮೆದು ಕಬ್ಬಿಣ: ಪೆನ್ಸಿಲ್ವೇನಿಯಾದ ಫೀನಿಕ್ಸ್ ಐರನ್ ಕಂಪನಿಯ 3 ಇಂಚಿನ ತೋಪು ಇದಕ್ಕೆ ಒಳ್ಳೆಯ ಉದಾಹರಣೆ. ಜಾನ್ ಗ್ರಿಫನ್ ಎಂಬಾತ ಕಬ್ಬಿಣದ ಪಟ್ಟಿಗಳನ್ನು ಸುತ್ತಿ ಸುತ್ತಿ, ಕಾಯಿಸಿ ಬೆಸೆದು ನಳಿಗೆ ಮಾಡುವ ವಿಧಾನ ಕಂಡುಹಿಡಿದ. ನಳಿಗೆ ಸುಮಾರು 370 ಕೆ.ಜಿ. ಮಾತ್ರ, ಸಿಡಿದ ಪ್ರಸಂಗ ತೀರಾ ವಿರಳ. ಪೀಸ್‌ಮೇಕರ್‌ನದೂ ಮೆದು ಕಬ್ಬಿಣವೇ. ಲೋಹದ ಹೆಸರು ಒಂದೇ, ಮಾಡಿದ ರೀತಿ ಬೇರೆ, ಫಲಿತಾಂಶ ಅಜಗಜಾಂತರ.

4. ಕಣ್ಣಿಗೆ ಕಾಣದ ಮೂರು ಅಪಾಯ

ಹೊಸದಾಗಿದ್ದಾಗ ಗಟ್ಟಿಯಿದ್ದ ತೋಪು ಈಗಲೂ ಹಾಗೇ ಇದೆ ಅಂತ ಹೇಳೋಕಾಗಲ್ಲ. ಯಾಕೆ?

ಒಂದು, ತುಕ್ಕು. ಸಮುದ್ರದ ತಳದಿಂದ ತೆಗೆದ ಬೀಡು ಕಬ್ಬಿಣದ ತೋಪು ನೋಡೋಕೆ ಅಕ್ಷರ, ಮುದ್ರೆ ಸಮೇತ ಸಂಪೂರ್ಣವಾಗಿರುತ್ತೆ. ಆದರೆ ಉಪ್ಪುನೀರು ಕಬ್ಬಿಣವನ್ನು ಕರಗಿಸಿ ಒಯ್ದು, ಗ್ರ್ಯಾಫೈಟ್ ಅನ್ನು ಅಲ್ಲೇ ಬಿಟ್ಟಿರುತ್ತೆ. ಆಕಾರ ಹಾಗೇ ಇದೆ, ಒಳಗಿರೋದು ಪೆನ್ಸಿಲ್ ಕಡ್ಡಿ! ಇದನ್ನು ಗ್ರ್ಯಾಫಿಟಿಕ್ ಕರೋಷನ್ ಅಂತಾರೆ. ಇಂಥ ತೋಪಿನಿಂದ ಲವಣ ತೆಗೆಯೋಕೆ ಸಂಗ್ರಹಾಲಯಗಳು ವರ್ಷಗಟ್ಟಲೆ ಎಲೆಕ್ಟ್ರೊಲಿಸಿಸ್ ಮಾಡ್ತವೆ. ಹಾರಿಸೋ ಯೋಚನೆ ಯಾರೂ ಮಾಡಲ್ಲ.

ಎರಡು, ಹಳೆಯ ದಣಿವು. ಪ್ರತಿ ಸಲ ಹಾರಿಸಿದಾಗಲೂ ಒಳಗಿನ ಕೂದಲೆಳೆ ಬಿರುಕು ಸ್ವಲ್ಪ ಸ್ವಲ್ಪ ಬೆಳೆಯುತ್ತೆ. ಎಷ್ಟು ಸಲ ಹಾರಿಸಿದ್ದಾರೆ, ಎಷ್ಟು ಮದ್ದು ಹಾಕಿದ್ದಾರೆ ಅನ್ನೋ ದಾಖಲೆ ತೋಪಿನ ಜೊತೆ ಬರೋದಿಲ್ಲ. ಎಡಿನ್‌ಬರೋ ಕೋಟೆಯಲ್ಲಿರುವ 1449ರ ಮಾನ್ಸ್ ಮೆಗ್ ಎಂಬ ದೈತ್ಯ ತೋಪು ಒಡೆದದ್ದು ಯುದ್ಧದಲ್ಲಿ ಅಲ್ಲ. ಎರಡು ಶತಮಾನ ದಾಟಿದ ಮೇಲೆ, ರಾಜಮನೆತನದ ಹುಟ್ಟುಹಬ್ಬಕ್ಕೆ ಮರ್ಯಾದೆಯ ತೋಪು ಹಾರಿಸುವಾಗ.

ಮೂರು, ಒಳಗೇ ಉಳಿದ ಮದ್ದು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 18ನೇ ಶತಮಾನದ ಒಂದು ಬ್ರಿಟಿಷ್ ತೋಪು ಬಹುಕಾಲ ಪ್ರದರ್ಶನಕ್ಕಿತ್ತು. 2013ರ ಜನವರಿಯಲ್ಲಿ ತುಕ್ಕು ತೆಗೆಯೋಕೆ ಹೋದ ಕೆಲಸಗಾರರಿಗೆ ಒಳಗೆ ಗುಂಡು, ಅಡಕಿದ ಬಟ್ಟೆ, 800 ಗ್ರಾಂನಷ್ಟು ಮದ್ದು ಸಿಕ್ಕಿತು. ಅದು ಇನ್ನೂ ಹೊತ್ತಿಕೊಳ್ಳುವ ಸ್ಥಿತಿಯಲ್ಲೇ ಇತ್ತು ಅಂತ ಪೊಲೀಸರು ಹೇಳಿದರು. ಆ ತೋಪಿನ ವಿಷಯದಲ್ಲಿ ಯಾರಿಗೂ ಏನೂ ಆಗಲಿಲ್ಲ. ಆದರೆ 2008ರಲ್ಲಿ ವರ್ಜೀನಿಯಾದ ಸಂಗ್ರಹಕಾರರೊಬ್ಬರು ಅಂತರ್ಯುದ್ಧ ಕಾಲದ ಸಿಡಿಗುಂಡೊಂದನ್ನು ಶುಚಿ ಮಾಡುವಾಗ ಅದು ಸ್ಫೋಟಿಸಿ ತೀರಿಕೊಂಡರು. 140 ವರ್ಷ ದಾಟಿದರೂ ಮದ್ದು ಸತ್ತಿರಲಿಲ್ಲ.

5. ಹಾಗಾದರೆ ಅವರು ಹಾರಿಸೋದು ಹೇಗೆ?

ಇಷ್ಟೆಲ್ಲ ತಿಳಿದ ಹವ್ಯಾಸಿಗಳು ಸಾಮಾನ್ಯವಾಗಿ ಹಿಡಿಯೋ ದಾರಿ ಸರಳ: ಅಸಲಿ ತೋಪನ್ನು ಜೋಪಾನ ಮಾಡು, ಪ್ರತಿಕೃತಿಯನ್ನು ಹಾರಿಸು. ಹೊಸದಾಗಿ ಎರಕ ಹೊಯ್ದ ಪ್ರತಿಕೃತಿಯ ಒಳಗೆ ಬೆಸುಗೆ ಇಲ್ಲದ ಉಕ್ಕಿನ ಕೊಳವೆ ಕೂರಿಸುತ್ತಾರೆ. ಹೊರಗಿನ ಕಂಚು ಅಥವಾ ಬೀಡು ಚರಿತ್ರೆಯ ರೂಪ, ಒಳಗಿನ ಉಕ್ಕು ಒತ್ತಡ ಹೊರುವ ಭಾಗ. ಲಾಮೆ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಒತ್ತಡ ಬೀಳೋದು ಒಳಮೈಗೆ ಅಂತ ಕಂಡೆವಲ್ಲ, ಅಲ್ಲಿಗೇ ಒಳ್ಳೆಯ ಲೋಹ.

ಹಾರಿಸೋದು ಒಬ್ಬರ ಕೆಲಸ ಅಲ್ಲ. ಒಂದು ತಂಡ, ಪ್ರತಿಯೊಬ್ಬರಿಗೂ ಒಂದೇ ಕೆಲಸ, ಒಬ್ಬರ ಆಜ್ಞೆಯಂತೆ ಎಲ್ಲ. ಕ್ರಮದ ಹಿಂದಿನ ಕಾರಣ ಗಮನಿಸಿ:

ಮೊದಲು ಸ್ಕ್ರೂನಂಥ ಮೊನೆಯ ಉದ್ದ ಕೋಲಿನಿಂದ ಹಿಂದಿನ ಸಲದ ಚಿಂದಿ ಎಳೆದು ತೆಗೆಯುತ್ತಾರೆ. ಆಮೇಲೆ ಒದ್ದೆ ಕುಂಚ ತೂರಿಸಿ ಉಜ್ಜುತ್ತಾರೆ, ಕೆಂಡ ಆರಲಿ ಅಂತ. ಆಮೇಲೆ ಒಣ ಕುಂಚ, ಹೊಸ ಮದ್ದು ಒದ್ದೆಯಾಗದಿರಲಿ ಅಂತ. ಈ ಅಷ್ಟೂ ಹೊತ್ತು ಒಬ್ಬರು ದಪ್ಪ ಚರ್ಮದ ಕವಚ ಹಾಕಿದ ಹೆಬ್ಬೆರಳಿನಿಂದ ಹಿಂದಿನ ಬತ್ತಿತೂತನ್ನು ಒತ್ತಿ ಮುಚ್ಚಿರುತ್ತಾರೆ. ಯಾಕೆ ಗೊತ್ತಾ? ಕುಂಚ ಹಿಂದೆ ಮುಂದೆ ಆಡುವಾಗ ನಳಿಗೆ ಸೈಕಲ್ ಪಂಪಿನ ಹಾಗೆ ಕೆಲಸ ಮಾಡುತ್ತೆ. ತೂತು ತೆರೆದಿದ್ದರೆ ಗಾಳಿ ನುಗ್ಗಿ ಕೆಂಡಕ್ಕೆ ತಿದಿ ಒತ್ತಿದಂತಾಗುತ್ತೆ. ಆ ಹೊತ್ತಿಗೆ ಮದ್ದಿನ ಚೀಲ ಒಳಗೆ ಹೋದರೆ, ಬಾಯಿಯ ಹತ್ತಿರ ಕೋಲು ಹಿಡಿದವನ ಕೈಯೇ ಹೋಗುತ್ತೆ. ಆದ್ದರಿಂದ ಮದ್ದು ತಳ್ಳುವವರು ಕೋಲಿನ ಸುತ್ತ ಹೆಬ್ಬೆರಳು ಮಡಚಿ ಹಿಡಿಯೋದಿಲ್ಲ, ಮೈಯನ್ನು ನಳಿಗೆಯ ಬಾಯಿಗೆ ಎದುರಾಗಿ ಒಡ್ಡೋದಿಲ್ಲ.

ಯುದ್ಧದಲ್ಲಿ ನಿಮಿಷಕ್ಕೆ ಎರಡು ಮೂರು ಸಲ ಹಾರಿಸುತ್ತಿದ್ದರು. ಹವ್ಯಾಸದಲ್ಲಿ ಆ ಆತುರ ಇಲ್ಲ. ಗುಂಡಿಲ್ಲದೆ ಬರೀ ಮದ್ದು ಹಾರಿಸೋ ಪ್ರದರ್ಶನಗಳಲ್ಲಿ ಎರಡು ಹಾರಿಕೆಗಳ ನಡುವೆ ಹತ್ತು ನಿಮಿಷ ಬಿಡೋ ರೂಢಿ ಇದೆ. ನೋಡೋರಿಗೆ ಬೇಜಾರಾಗಬಹುದು. ಆದರೆ ಅಪಾಯ ಹೆಚ್ಚಿರೋದು ಮೊದಲನೇ ಸಲ ಹಾರಿಸುವಾಗ ಅಲ್ಲ, ಎರಡನೇ ಸಲ ತುಂಬುವಾಗ. ಆ ಹತ್ತು ನಿಮಿಷ ಕೆಂಡಕ್ಕೆ ಸಾಯೋಕೆ ಕೊಡೋ ಸಮಯ.

ಕಾನೂನಿನ ವಿಷಯ: ಅಮೆರಿಕದ 1968ರ ಗನ್ ಕಂಟ್ರೋಲ್ ಆ್ಯಕ್ಟ್ ಪ್ರಕಾರ 1898 ಅಥವಾ ಅದಕ್ಕೂ ಮುಂಚೆ ತಯಾರಾದವು "ಪುರಾತನ" ಅನ್ನಿಸಿಕೊಳ್ಳುತ್ತವೆ. ಬಾಯಿಂದ ಮದ್ದು ತುಂಬುವ ಹಳೇ ತೋಪು, ಅದರ ಪ್ರತಿಕೃತಿ ಈ ಗುಂಪಿಗೆ ಸೇರುತ್ತವೆ. ಇಂಥ ಹವ್ಯಾಸಕ್ಕೆ ಅಂತಲೇ 50 ಪೌಂಡಿನವರೆಗೆ ಕಾರ್ಖಾನೆಯಲ್ಲಿ ತಯಾರಾದ ಕಪ್ಪು ಮದ್ದು ಇಟ್ಟುಕೊಳ್ಳೋಕೆ ಒಕ್ಕೂಟ ಕಾನೂನಿನಲ್ಲಿ ರಿಯಾಯಿತಿ ಇದೆ. ರಾಜ್ಯಗಳ ನಿಯಮ ಬೇರೆ ಬೇರೆ. ಸಿಡಿಯುವ ಗುಂಡಿಗೆ ಈ ರಿಯಾಯಿತಿ ಇಲ್ಲ.

6. ನಮ್ಮಲ್ಲಿ?

ನಮ್ಮಲ್ಲಿ ಇದು ಹವ್ಯಾಸ ಅಲ್ಲ, ಆಗೋದಕ್ಕೂ ಸಾಧ್ಯ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ, 1884ರ ಸ್ಫೋಟಕ ಕಾಯ್ದೆ ಎರಡೂ ಅಡ್ಡ ಬರುತ್ತವೆ. ನೂರು ವರ್ಷ ದಾಟಿದ ತೋಪು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೂ ಬರುತ್ತೆ. "ಯೂಟ್ಯೂಬ್ ನೋಡಿ ಲ್ಯಾಬಿನಲ್ಲಿ ಒಂದು ಸಣ್ಣದು ಮಾಡೋಣ" ಅನ್ನೋ ಗೆಳೆಯ ಪ್ರತಿ ಹಾಸ್ಟೆಲಿನಲ್ಲೂ ಒಬ್ಬ ಇರ್ತಾನೆ. ಅವನಿಗೆ ಎರಡನೇ ಭಾಗದ ಲೆಕ್ಕ ಓದಿಸಿ. ವೆಲ್ಡ್ ಮಾಡಿದ ನೀರಿನ ಪೈಪು ತೋಪಲ್ಲ.

ಆದರೂ ಬಾಯಿಂದ ಮದ್ದು ತುಂಬಿ ಹಾರಿಸುವ ತೋಪು ನೋಡಬೇಕಿದ್ದರೆ ಅಮೆರಿಕಕ್ಕೆ ಹೋಗಬೇಕಿಲ್ಲ. ಮೈಸೂರು ದಸರೆಯ ಜಂಬೂಸವಾರಿ ದಿನ ಪೊಲೀಸರ ಫಿರಂಗಿ ದಳ ರಾಷ್ಟ್ರಗೀತೆ ಮುಗಿಯೋದರೊಳಗೆ 21 ಕುಶಾಲತೋಪು ಹಾರಿಸುತ್ತೆ. ಏಳು ಫಿರಂಗಿ, ಮೂರು ಸುತ್ತು. ಇಲ್ಲಿ ಹತ್ತು ನಿಮಿಷದ ಬಿಡುವು ಸಿಗೋದಿಲ್ಲ. ಅದಕ್ಕೇ ದಸರೆಗೆ ಮುಂಚೆ ನಡೆಯೋ ತಾಲೀಮು ಆನೆ, ಕುದುರೆಗಳಿಗೆ ಸದ್ದು ಅಭ್ಯಾಸ ಮಾಡಿಸೋಕೆ ಎಷ್ಟು ಮುಖ್ಯವೋ, ಹಾರಿಸುವ ಸಿಬ್ಬಂದಿಯ ಕೈ ಕೂಡೋಕೂ ಅಷ್ಟೇ ಮುಖ್ಯ. ಮುಂದಿನ ಸಲ ಟಿವಿಯಲ್ಲಿ ನೋಡುವಾಗ ಹೊಗೆ ನೋಡಬೇಡಿ, ಎರಡು ಸುತ್ತಿನ ನಡುವೆ ಅವರ ಕೈ ಏನು ಮಾಡುತ್ತೆ ನೋಡಿ.

ಇನ್ನು, ಊರಿನ ಬಾವಿ, ಕೋಟೆ, ಹೊಲದಲ್ಲಿ ಹಳೇ ಮದ್ದುಗುಂಡು ಸಿಗೋದು ಬರೀ ಕಥೆ ಅಲ್ಲ. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಒಂದು ಹಾಳುಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ಅಂಥದ್ದೇನಾದರೂ ಕಂಡರೆ ಕೆರೆದು, ಕಾಯಿಸಿ, ಕೊರೆದು ನೋಡಬೇಡಿ. ಪೊಲೀಸರಿಗೆ, ಪುರಾತತ್ವ ಇಲಾಖೆಗೆ ತಿಳಿಸಿ.

ಕೊನೆಗೆ ಒಂದು ಮನೆಗೆಲಸ

ವಿಜಯಪುರದ ಮಲಿಕ್-ಎ-ಮೈದಾನ್ ನೋಡಿದ್ದೀರಲ್ಲ? 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಒಳಗಿನ ವ್ಯಾಸ ಸುಮಾರು 0.7 ಮೀಟರ್, ಹೊರಗಿನದು ಸುಮಾರು 1.5 ಮೀಟರ್. k ಎಷ್ಟು? ಒಳಮೈಯ ಒತ್ತಡ pಯ ಎಷ್ಟು ಪಟ್ಟು? (ಉತ್ತರ: k ಸುಮಾರು 2.1, ಒತ್ತಡ ಸುಮಾರು 1.6 p.) ಇದು ಬಾಯಿಯ ಹತ್ತಿರದ ಅಳತೆ. ಮದ್ದು ಇರೋದು ಹಿಂಭಾಗದಲ್ಲಿ, p ಅತಿ ಹೆಚ್ಚಿರೋದೂ ಅಲ್ಲೇ. ಹಾಗಾದರೆ ಮದ್ದು ಕೂರೋ ಹಿಂದಿನ ಕೋಣೆಯ ವ್ಯಾಸ ಕಿರಿದು ಮಾಡಿದರೆ k ಏನಾಗುತ್ತೆ, ಲೆಕ್ಕ ಹಾಕಿ. ಲಾಮೆ ಹುಟ್ಟೋದಕ್ಕೆ ಎರಡೂವರೆ ಶತಮಾನ ಮುಂಚೆ, ಸಮೀಕರಣ ಇಲ್ಲದೆ ಕೈಯಳತೆ, ಅನುಭವದ ಮೇಲೆ ಎರಕ ಹೊಯ್ದ ಆ ಕಮ್ಮಟಗಾರರ ಬಗ್ಗೆ ಗೌರವ ತಾನಾಗಿ ಹುಟ್ಟುತ್ತೆ.

ಕೋಟೆಗೆ ಹೋದಾಗ ತೋಪಿನ ಮೇಲೆ ಹತ್ತಿ ಕೂತು ಸೆಲ್ಫಿ ತಗೊಳ್ಳೋದು ಬಿಟ್ಟು, ಒಂದು ಟೇಪು ತಗೊಂಡು ಹೋಗಿ ಒಳಗಿನ, ಹೊರಗಿನ ವ್ಯಾಸ ಅಳೆಯಿರಿ. ಎಲ್ಲಿಯ ತೋಪು, ಯಾವ ಲೋಹ ಅಂತ ಬರೆದು ನಮ್ಮ ಬಳಗಕ್ಕೆ ಕಳಿಸಿ. ಬಂದ ಅಳತೆಗಳನ್ನೆಲ್ಲ ಸೇರಿಸಿ ಮುಂದಿನ ಸಂಚಿಕೆಯಲ್ಲಿ ಒಂದು ಪಟ್ಟಿ ಮಾಡೋಣ.